ಕಣ್ಣೊಳಗಿನ ಪಾಸ್‌ಬುಕ್



ಹೋದ ತಿಂಗಳು ನನ್ನ ಕಣ್ಣಿನ ತಪಾಸಣೆ ಇತ್ತು. ವಯಸ್ಸು ಎಪ್ಪತ್ತು ದಾಟಿದೆ, ಬಿ.ಪಿ. ಬೇರೆ ಇದೆ. ಹಾಗಾಗಿ ವರ್ಷಕ್ಕೊಮ್ಮೆ ತಪ್ಪದೆ ಹೋಗಿ ಬರುತ್ತೇನೆ. ಶಾಲೆಗೆ ರಜೆ ಇದ್ದುದರಿಂದ ಎಂಟನೇ ತರಗತಿಯ ನಮ್ಮ ಮೊಮ್ಮಗಳು ಪುಟ್ಟಿಯೂ ಜೊತೆಗೆ ಬಂದಿದ್ದಳು. ಕಣ್ಣಿಗೆ ಹನಿ ಬಿಟ್ಟು ಅರ್ಧ ಗಂಟೆ ಕೂರಿಸಿದರು. ಆಮೇಲೆ ಒಂದು ಯಂತ್ರದ ಮುಂದೆ ಗಲ್ಲ ಊರಿ, ಹಣೆ ಆನಿಸಿ ಕೂತೆ. ಫಳ್ ಎಂದು ಒಂದು ಬೆಳಕು. ಮರುಕ್ಷಣವೇ ಪಕ್ಕದ ಪರದೆಯ ಮೇಲೆ ನನ್ನ ಕಣ್ಣಿನ ಹಿಂಗೋಡೆಯ ಚಿತ್ರ ಬಂತು.

ಹನಿಯ ಮಬ್ಬಿನಲ್ಲಿ ನನಗೇನೂ ಕಾಣುತ್ತಿರಲಿಲ್ಲ. ಪುಟ್ಟಿಯೇ ಕ್ರಿಕೆಟ್ ಕಾಮೆಂಟರಿ ಥರ ವಿವರಿಸಿದಳು. “ತಾತ, ಕಿತ್ತಳೆ ಬಣ್ಣದ ದೊಡ್ಡ ದೋಸೆ ಇದೆ. ಅದರಲ್ಲಿ ಒಂದು ಕಡೆ ಹಳದಿ ಚಂದ್ರ. ಚಂದ್ರನ ಹತ್ತಿರದಿಂದ ಕೆಂಪು ನದಿಗಳು ಹೊರಟಿವೆ. ಭೂಪಟದಲ್ಲಿ ಕಾವೇರಿಗೆ ಹೇಮಾವತಿ, ಕಬಿನಿ ಸೇರುತ್ತಲ್ಲ, ಹಾಗೇ ಇದೆ!”

ಆ ದೋಸೆಯೇ ಅಕ್ಷಿಪಟಲ, ಡಾಕ್ಟರ ಬಾಯಲ್ಲಿ ರೆಟಿನಾ. ಹಳದಿ ಚಂದ್ರ ಎಂದರೆ ಮೆದುಳಿಗೆ ಹೋಗುವ ದೃಷ್ಟಿನರ ಹೊರಡುವ ಜಾಗ. ಕೆಂಪು ನದಿಗಳು ರಕ್ತನಾಳಗಳು. ಚರ್ಮ ಕೊಯ್ಯದೆ, ಸೂಜಿ ಚುಚ್ಚದೆ, ದೇಹದ ಒಳಗಿನ ರಕ್ತನಾಳಗಳನ್ನು ಇಷ್ಟು ಸ್ಪಷ್ಟವಾಗಿ ನೋಡಬಹುದಾದ ಜಾಗ ಇನ್ನೊಂದಿಲ್ಲ. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ ದೀಪದ ಬೆಳಕನ್ನು ಗಾಜಿನಿಂದ ತಿರುಗಿಸಿ ಕಣ್ಣೊಳಗೆ ಇಣುಕುವ ಉಪಕರಣವನ್ನು ಲೋಕಕ್ಕೆ ಪರಿಚಯಿಸಿದ ಮೇಲೆ ಈ ಕಿಟಕಿ ತೆರೆಯಿತು.

ಯಂತ್ರ ನಡೆಸುತ್ತಿದ್ದ ಹುಡುಗ ಒಂದು ಮಾತು ಹೇಳಿದ: “ಈ ನಾಳಗಳ ಅಗಲವನ್ನು ಈಗ ಕಂಪ್ಯೂಟರೇ ಅಳೆಯುತ್ತದೆ ತಾತ. ನಮ್ಮಲ್ಲಿಲ್ಲ, ಸಂಶೋಧನೆ ನಡೆಸುವ ಕಡೆ.” ಪುಟ್ಟಿ ಥಟ್ಟನೆ ಕೇಳಿದಳು, “ಅಳೆಯೋಕೆ ಸ್ಕೇಲ್ ಎಲ್ಲಿಡ್ತಾರೆ? ಕಣ್ಣೊಳಗೆ ಇಡೋಕಾಗಲ್ವಲ್ಲ?” ಹುಡುಗ ನಕ್ಕು ಸುಮ್ಮನಾದ. ನಾನು ಬಿ.ಕಾಂ. ಓದಿದವನು, ವಿಜ್ಞಾನ ನನ್ನ ವಿಷಯವಲ್ಲ. ಆದರೂ ಆ ಪ್ರಶ್ನೆ ಮನೆಯವರೆಗೆ ಹಿಂದೆಯೇ ಬಂತು. ಒಂದು ತಿಂಗಳು ಅದರ ಬೆನ್ನು ಹತ್ತಿದ್ದೇನೆ. ಯಾಕೆ ಹತ್ತಿದೆ ಎಂಬುದನ್ನು ಮೊದಲು ಹೇಳುತ್ತೇನೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಪಕ್ಕದ ಕೌಂಟರಿನಲ್ಲಿ ಕ್ಯಾಷಿಯರ್ ಆಗಿದ್ದ ಗೆಳೆಯನೊಬ್ಬನಿದ್ದ. ಅವನು ನೂರು ನೋಟಿನ ಕಟ್ಟು ಎಣಿಸುವುದನ್ನು ನೋಡಲೆಂದೇ ಮಕ್ಕಳು ಕೌಂಟರಿನ ಸರಳು ಹಿಡಿದು ನಿಲ್ಲುತ್ತಿದ್ದರು. ಬೆರಳು ಕಾಣುತ್ತಿರಲಿಲ್ಲ, ನೋಟಿನ ಸದ್ದು ಮಾತ್ರ ಕೇಳುತ್ತಿತ್ತು. ನಲವತ್ತೆಂಟನೇ ವಯಸ್ಸಿನಲ್ಲಿ ಕನ್ನಡಕದ ನಂಬರ್ ಬದಲಾಗಿದೆಯೆಂದು ಕಣ್ಣಿನ ಡಾಕ್ಟರ ಹತ್ತಿರ ಹೋದ. ಅವರು ಕಣ್ಣೊಳಗೆ ಬೆಳಕು ಬಿಟ್ಟು ನೋಡಿ ಒಂದು ಚೀಟಿ ಕೊಟ್ಟರು. ರಕ್ತನಾಳಗಳು ಸ್ವಲ್ಪ ಸಪೂರವಾಗಿವೆ, ಬಿ.ಪಿ. ನೋಡಿಸಿ ಎಂದು ಅದರಲ್ಲಿತ್ತು.

ಮರುದಿನ ಊಟದ ಬಿಡುವಿನಲ್ಲಿ ಚೀಟಿ ನನಗೆ ತೋರಿಸಿ, “ಸ್ವಲ್ಪ ಅಂದರೆ ಎಷ್ಟೋ ಮಾರಾಯ?” ಎಂದು ಕೇಳಿದ. ಪೈಸೆ ಪೈಸೆಗೂ ಲೆಕ್ಕ ಕೊಡುವ ಕ್ಯಾಷಿಯರ್ ಅಲ್ಲವೇ, ಅವನಿಗೆ ‘ಸ್ವಲ್ಪ’ ಎಂಬ ಮಾತು ಹಿಡಿಸಲಿಲ್ಲ. ಅದು ಮಾರ್ಚ್ ತಿಂಗಳು, ವರ್ಷಾಂತ್ಯದ ಲೆಕ್ಕ ಮುಗಿಸುವ ಗಡಿಬಿಡಿ. “ಸ್ವಲ್ಪ ತಾನೇ, ಕ್ಲೋಸಿಂಗ್ ಮುಗೀಲಿ ಬಿಡು” ಅಂದೆ. ಹಾಗಂದವನು ನಾನೇ. ಚೀಟಿ ಜೇಬಿಗೆ ಹೋಯಿತು. ಕ್ಲೋಸಿಂಗ್ ಮುಗಿಯಿತು, ಚೀಟಿ ಹೊರಗೆ ಬರಲಿಲ್ಲ. ತಲೆನೋವಿಲ್ಲ, ತಲೆಸುತ್ತಿಲ್ಲ, ಡಾಕ್ಟರ ಹತ್ತಿರ ಹೋಗುವವರು ಯಾರು?

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಅವನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ. ಎಡಗೈಯಲ್ಲಿ ಸಹಿ ಮಾಡುವುದನ್ನು ಆರು ತಿಂಗಳು ಕಲಿತ. ಆ ಹೊಸ ಸಹಿಯ ಮಾದರಿಯನ್ನು ಅವನ ಖಾತೆಯ ಕಾರ್ಡಿಗೆ ಅಂಟಿಸಿದವನೂ ನಾನೇ. ಅಂದೇ ಬಿ.ಪಿ. ನೋಡಿಸಿದ್ದರೆ ಲಕ್ವ ಖಂಡಿತ ತಪ್ಪುತ್ತಿತ್ತು ಎಂದು ಹೇಳಲಾರೆ. ತಪ್ಪುವ ಅವಕಾಶವಂತೂ ಇತ್ತು.

ಈಗ ಅವನ ಪ್ರಶ್ನೆಗೆ ಬರೋಣ. ಸ್ವಲ್ಪ ಅಂದರೆ ಎಷ್ಟು?

ಕಣ್ಣಿನ ರಕ್ತನಾಳಗಳಲ್ಲಿ ಎರಡು ಬಗೆ. ಹೃದಯದಿಂದ ರಕ್ತ ತರುವ ಅಪಧಮನಿಗಳು ತಿಳಿಗೆಂಪು, ಸ್ವಲ್ಪ ಸಪೂರ. ರಕ್ತವನ್ನು ಹಿಂದಕ್ಕೆ ಒಯ್ಯುವ ಅಭಿಧಮನಿಗಳು ಕಡುಗೆಂಪು, ಸ್ವಲ್ಪ ಅಗಲ. ಆರೋಗ್ಯವಂತರಲ್ಲಿ ಇವುಗಳ ಅಗಲ ಸುಮಾರು 2ಕ್ಕೆ 3ರಂತೆ ಇರುತ್ತದೆ. ರಕ್ತದೊತ್ತಡ ಹಲವು ವರ್ಷ ಏರಿಯೇ ಇದ್ದರೆ ಅಪಧಮನಿಗಳು ಬಿಗಿದುಕೊಂಡು ಇನ್ನಷ್ಟು ಸಪೂರವಾಗುತ್ತವೆ. 1939ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಕೀತ್, ವ್ಯಾಗೆನರ್, ಬಾರ್ಕರ್ ಎಂಬ ಮೂವರು ವೈದ್ಯರು ಬಿ.ಪಿ. ರೋಗಿಗಳ ಕಣ್ಣು ನೋಡಿ ನಾಲ್ಕು ಗುಂಪು ಮಾಡಿದರು. ದಶಕಗಳ ಕಾಲ ಡಾಕ್ಟರುಗಳು ಅದನ್ನೇ ಅನುಸರಿಸಿದರು.

ತೊಂದರೆ ಏನೆಂದರೆ ಅದು ಕಣ್ಣಂದಾಜು. ಒಬ್ಬರಿಗೆ ಸಪೂರ ಅನ್ನಿಸಿದ್ದು ಇನ್ನೊಬ್ಬರಿಗೆ ಸರಿಯಾಗಿಯೇ ಇದೆ ಅನ್ನಿಸಬಹುದು. ಇದಕ್ಕೊಂದು ಉದಾಹರಣೆ ಎಳೆಯ ಕೂಸುಗಳದು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೆಲವು ಶಿಶುಗಳ ಅಕ್ಷಿಪಟಲದ ನಾಳಗಳು ಉಬ್ಬಿ, ಹಾವಿನಂತೆ ಸುರುಳಿಯಾಗುತ್ತವೆ. ಸಮಯಕ್ಕೆ ಗುರುತಿಸಿ ಚಿಕಿತ್ಸೆ ಕೊಡದಿದ್ದರೆ ಕೂಸಿನ ದೃಷ್ಟಿಯೇ ಹೋಗಬಹುದು. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಥ 34 ಚಿತ್ರಗಳನ್ನು 22 ತಜ್ಞರಿಗೆ ತೋರಿಸಿ, ರೋಗ ಇದೆ, ಇಲ್ಲ, ಎರಡರ ನಡುವೆ ಎಂದು ಮೂರು ಬಗೆಯಾಗಿ ವಿಂಗಡಿಸಲು ಹೇಳಿದರು. ಎಲ್ಲರೂ ಒಂದೇ ಉತ್ತರ ಕೊಟ್ಟಿದ್ದು 4 ಚಿತ್ರಗಳಿಗೆ ಮಾತ್ರ. ಅವರೆಲ್ಲ ಕಲಿತವರೇ, ಅನುಭವಿಗಳೇ. ‘ಸ್ವಲ್ಪ’ ಎಂಬುದು ಒಬ್ಬೊಬ್ಬರಿಗೆ ಒಂದೊಂದು, ಅಷ್ಟೇ. ನಮ್ಮ ಕರ್ನಾಟಕದಲ್ಲಿ 2008ರಿಂದ ‘ಕಿಡ್‌ರಾಪ್’ ಎಂಬ ಯೋಜನೆಯಲ್ಲಿ ತರಬೇತಿ ಪಡೆದವರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗಿ ಇಂಥ ಕೂಸುಗಳ ಕಣ್ಣಿನ ಚಿತ್ರ ತೆಗೆಯುತ್ತಾರೆ. ಬೆಂಗಳೂರಿನ ತಜ್ಞರು ಅದನ್ನು ದೂರದಿಂದಲೇ ನೋಡಿ ಹೇಳುತ್ತಾರೆ. ಚಿತ್ರ ಕೈಯಲ್ಲಿದ್ದರೆ ತಾನೇ ಅಳತೆಯ ಮಾತು!

ಸರಿ, ಕಂಪ್ಯೂಟರ್ ಹೇಗೆ ಅಳೆಯುತ್ತದೆ? ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ.

ಮೊದಲ ಕೆಲಸ, ಬಣ್ಣ ಬೇರೆ ಮಾಡುವುದು. ಡಿಜಿಟಲ್ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಪದರ ಇರುತ್ತವೆ. ರಕ್ತನಾಳ ಕೆಂಪಲ್ಲವೇ, ಕೆಂಪು ಪದರವನ್ನೇ ತೆಗೆದುಕೊಳ್ಳಬೇಕು ಎಂದು ನಾನೂ ಅಂದುಕೊಂಡಿದ್ದೆ. ಅಲ್ಲ, ಹಸಿರನ್ನು ತೆಗೆದುಕೊಳ್ಳುತ್ತಾರೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹಾಗಾಗಿ ಹಸಿರು ಪದರದಲ್ಲಿ ನಾಳಗಳು ಕಪ್ಪು ಗೆರೆಗಳಾಗಿ ಎದ್ದು ಕಾಣುತ್ತವೆ.

ಎರಡನೆಯದು, ಯಾವುದು ನಾಳ, ಯಾವುದು ಅಲ್ಲ ಎಂದು ಗುರುತಿಸುವುದು. ನಾಳಕ್ಕೆ ಅಡ್ಡವಾಗಿ ನೋಡುತ್ತ ಹೋದರೆ ಮೊದಲು ಬೆಳಕು, ನಡುವೆ ಕತ್ತಲು, ಮತ್ತೆ ಬೆಳಕು. ಗದ್ದೆಯ ನಡುವಿನ ಕಾಲುವೆಯ ಹಾಗೆ: ದಂಡೆ, ತಗ್ಗು, ದಂಡೆ. 1989ರಲ್ಲಿ ಸುಭಾಷಿಸ್ ಚೌಧುರಿ ಎಂಬವರು ಸಂಗಡಿಗರ ಜೊತೆ ಒಂದು ಉಪಾಯ ಪ್ರಕಟಿಸಿದರು. ಕಾಲುವೆಯ ಆಕಾರದ ಒಂದು ಅಚ್ಚು ಮಾಡಿ, ಅದನ್ನು 15 ಡಿಗ್ರಿಗೊಂದರಂತೆ 12 ದಿಕ್ಕಿಗೆ ತಿರುಗಿಸಿ, ಚಿತ್ರದ ಪ್ರತಿ ಚುಕ್ಕೆಯ ಮೇಲೂ ಇಟ್ಟು ನೋಡುವುದು. ಅಚ್ಚು ಹೊಂದಿಕೊಂಡ ಕಡೆ ನಾಳ ಇದೆ ಎಂದರ್ಥ. ಮಕ್ಕಳೇ, 15 ಸಲ 12 ಎಂದರೆ 180. ಪೂರ್ತಿ 360 ಡಿಗ್ರಿ ಯಾಕೆ ತಿರುಗಿಸಲಿಲ್ಲ, ಹೇಳಿ? ಕಾಲುವೆಯನ್ನು ಅರ್ಧ ಸುತ್ತು ತಿರುಗಿಸಿದರೆ ಮತ್ತೆ ಮೊದಲಿನಂತೆಯೇ ಕಾಣುತ್ತದೆ, ಅದಕ್ಕೆ. ಈ ಚೌಧುರಿಯವರು ಮುಂದೆ ಮುಂಬಯಿಯ ಐಐಟಿಗೆ ನಿರ್ದೇಶಕರಾದರು.

ಆಮೇಲೆ ಬಂದವರು ಕಂಪ್ಯೂಟರಿಗೆ ಅಚ್ಚು ಕೊಡುವ ಬದಲು ಪಾಠ ಹೇಳಿಕೊಟ್ಟರು. 2004ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 40 ಕಣ್ಣಿನ ಚಿತ್ರಗಳ ಒಂದು ಸಂಗ್ರಹವನ್ನು ಎಲ್ಲರ ಬಳಕೆಗೆ ಕೊಟ್ಟರು. ಮನುಷ್ಯರೇ ಕೂತು ಪ್ರತಿ ನಾಳವನ್ನೂ ಕೈಯಿಂದ ಗುರುತು ಮಾಡಿದ್ದರು. 20 ಚಿತ್ರ ಕಲಿಯಲು, 20 ಪರೀಕ್ಷೆಗೆ. ಪರೀಕ್ಷೆಯ 20ನ್ನು ಎರಡೆರಡು ಸಲ ಬೇರೆ ಬೇರೆ ಗುರುತು ಮಾಡಿಸಿದ್ದರು. ಬ್ಯಾಂಕಿನಲ್ಲಿ ಒಬ್ಬರು ಕೂಡಿದ ಮೊತ್ತವನ್ನು ಇನ್ನೊಬ್ಬರು ಕೂಡಿ ತಾಳೆ ನೋಡುತ್ತಿದ್ದೆವಲ್ಲ, ಹಾಗೆ. ಆ ಎರಡು ಗುರುತುಗಳೂ ಪೂರ್ತಿ ತಾಳೆಯಾಗಲಿಲ್ಲ.

ಮೂರನೆಯದೇ ಅಳತೆ. ಪ್ರತಿ ನಾಳದ ನಡುವೆ ಒಂದು ಮಧ್ಯಗೆರೆ ಹುಡುಕಿ, ಅದಕ್ಕೆ ಸರಿಯಾಗಿ ಲಂಬವಾಗಿ ಈ ದಂಡೆಯಿಂದ ಆ ದಂಡೆಗೆ ಅಳೆಯುತ್ತದೆ. ಒಂದು ಕಡೆ ಅಳೆದು ಸುಮ್ಮನಾಗುವುದಿಲ್ಲ, ನಾಳದುದ್ದಕ್ಕೂ ಹತ್ತಾರು ಕಡೆ ಅಳೆದು ಸರಾಸರಿ ತೆಗೆಯುತ್ತದೆ. ಎಲ್ಲರ ಕಣ್ಣಲ್ಲೂ ಒಂದೇ ಜಾಗದಲ್ಲಿ ಅಳೆಯಬೇಕು ಎಂಬ ನಿಯಮವೂ ಇದೆ. ಚಂದ್ರನ ಅಂಚಿನಿಂದ ಅರ್ಧ ಚಂದ್ರನಷ್ಟು ದೂರದಲ್ಲಿ ಶುರುಮಾಡಿ ಒಂದು ಚಂದ್ರನಷ್ಟು ದೂರದವರೆಗಿನ ಪಟ್ಟಿಯಲ್ಲಿ ಮಾತ್ರ.

ಇಲ್ಲೇ ಪುಟ್ಟಿಯ ಪ್ರಶ್ನೆಗೆ ಉತ್ತರ ಇರುವುದು. ಸ್ಕೇಲು ಕಣ್ಣೊಳಗೆ ಮೊದಲೇ ಇದೆ. ಆ ಹಳದಿ ಚಂದ್ರನೇ ಸ್ಕೇಲು! ಅದರ ಅಡ್ಡಳತೆ ದೊಡ್ಡವರಲ್ಲಿ ಸುಮಾರು 1.8 ಮಿಲಿಮೀಟರ್, ಅಂದರೆ 1800 ಮೈಕ್ರಾನ್ ಎಂದು ಹಿಡಿಯೋಣ. ಚಿತ್ರದಲ್ಲಿ ಚಂದ್ರ 360 ಚುಕ್ಕೆ ಅಗಲ ಇದ್ದರೆ ಒಂದು ಚುಕ್ಕೆಗೆ 5 ಮೈಕ್ರಾನ್. ಒಂದು ನಾಳ 22 ಚುಕ್ಕೆ ಅಗಲ ಇದ್ದರೆ 110 ಮೈಕ್ರಾನ್, ನಮ್ಮ ತಲೆಗೂದಲಿಗಿಂತ ಕೊಂಚ ದಪ್ಪ. ಆದರೆ ಎಲ್ಲರ ಚಂದ್ರನೂ ಒಂದೇ ಗಾತ್ರದ್ದಲ್ಲ, ಹಾಗಾಗಿ ಈ ಲೆಕ್ಕದಲ್ಲಿ ಒಂದಿಷ್ಟು ತಪ್ಪು ಉಳಿಯುತ್ತದೆ. ಅಪಧಮನಿಯನ್ನು ಅಭಿಧಮನಿಯಿಂದ ಭಾಗಿಸಿ ಅನುಪಾತ ತೆಗೆದರೆ ಸ್ಕೇಲೇ ಬೇಡ. ಆದರೆ ಅನುಪಾತ ಇಳಿದಾಗ ಅಪಧಮನಿ ಕುಗ್ಗಿತೋ ಅಭಿಧಮನಿ ಹಿಗ್ಗಿತೋ ಗೊತ್ತಾಗುವುದಿಲ್ಲ. ಬರೀ ಅನುಪಾತ ನೋಡಿ ಅಂಗಡಿಗೆ ಸಾಲ ಕೊಡಬಾರದು ಎಂದು ನಮಗೂ ಕಲಿಸಿದ್ದರು.

ಕೊನೆಯದು ಮಕ್ಕಳಿಗೆ ಇಷ್ಟವಾಗುವ ಲೆಕ್ಕ. ಕಣ್ಣಿನಲ್ಲಿರುವ ಹತ್ತಾರು ನಾಳಗಳ ಅಳತೆಯನ್ನು ಒಂದೇ ಸಂಖ್ಯೆಗೆ ತರುವ ಸೂತ್ರವನ್ನು 1974ರಲ್ಲಿ ಪಾರ್ ಮತ್ತು ಸ್ಪಿಯರ್ಸ್ ಎಂಬವರು ಕೊಟ್ಟರು. ಈಗ ಹೆಚ್ಚು ಬಳಕೆಯಲ್ಲಿರುವುದು 2003ರಲ್ಲಿ ನುಡ್‌ಟ್ಸನ್ ಮತ್ತು ಸಂಗಡಿಗರು ಸರಳಗೊಳಿಸಿದ ಸೂತ್ರ. ಅತಿ ದಪ್ಪದ ಆರು ಅಪಧಮನಿಗಳನ್ನು ಆರಿಸಿ, ಎಲ್ಲಕ್ಕಿಂತ ದೊಡ್ಡದನ್ನು ಎಲ್ಲಕ್ಕಿಂತ ಸಣ್ಣದರ ಜೊತೆ ಜೋಡಿ ಮಾಡುತ್ತಾರೆ. ಎರಡರ ವರ್ಗಗಳನ್ನು ಕೂಡಿ, ವರ್ಗಮೂಲ ತೆಗೆದು, 0.88ರಿಂದ ಗುಣಿಸುತ್ತಾರೆ. 80 ಮತ್ತು 60 ಇದ್ದರೆ? 6400 ಮತ್ತು 3600 ಕೂಡಿದರೆ 10000. ವರ್ಗಮೂಲ 100. ಉತ್ತರ 88. ಎರಡು ಕೊಂಬೆಗಳ ದಪ್ಪ ನೋಡಿ ಅವು ಹೊರಟ ಕಾಂಡದ ದಪ್ಪವನ್ನು ಅಂದಾಜು ಮಾಡುವ ಕ್ರಮ ಇದು. ಕಬಡ್ಡಿ ಟೂರ್ನಿಯಲ್ಲಿ ತಂಡಗಳು ಕಡಿಮೆಯಾಗುವಂತೆ ಆರು ಮೂರಾಗಿ, ಮೂರು ಎರಡಾಗಿ, ಕೊನೆಗೆ ಒಂದೇ ಸಂಖ್ಯೆ ಉಳಿಯುತ್ತದೆ. ಅಭಿಧಮನಿಗಳಿಗೂ ಇದೇ ಕ್ರಮ, 0.88ರ ಬದಲು 0.95.

ಈ ಕೆಲಸಕ್ಕೆ ಬೇರೆ ಬೇರೆ ದೇಶದವರು ತಂತ್ರಾಂಶ ಬರೆದಿದ್ದಾರೆ. ಸಿಂಗಪುರದವರದು ‘ಸಿವಾ’. ಪುಟ್ಟಿ ಕೇಳಿದ ಕೂಡಲೇ “ಮುಕ್ಕಣ್ಣ!” ಅಂದಳು. ಸ್ಕಾಟ್ಲೆಂಡಿನ ಎಡಿನ್‌ಬರೋ ಮತ್ತು ಡಂಡಿ ವಿಶ್ವವಿದ್ಯಾಲಯಗಳದ್ದು ‘ವ್ಯಾಂಪೈರ್’, ಅಂದರೆ ರಕ್ತ ಹೀರುವ ಭೂತ. ಹೆಸರು ಮಾತ್ರ ಹಾಗೆ, ಒಂದು ಹನಿ ರಕ್ತವನ್ನೂ ಕೇಳುವುದಿಲ್ಲ.

ಅಳೆದು ಏನು ಕಂಡರು? ಅಮೆರಿಕದ ನಾಲ್ಕು ಊರುಗಳ ಹತ್ತು ಸಾವಿರಕ್ಕೂ ಹೆಚ್ಚು ಜನರ ಕಣ್ಣಿನ ಚಿತ್ರಗಳನ್ನು 1990ರ ದಶಕದಲ್ಲಿ ತೆಗೆದು, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸಹಾಯದಿಂದ ಅಳೆದರು. ಬಿ.ಪಿ. ಏರಿದಷ್ಟೂ ಅಪಧಮನಿ ಸಪೂರ ಎಂಬುದು ಅಂಕಿಗಳಲ್ಲೇ ಕಂಡಿತು. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ನಗರದಲ್ಲಿ ನಡೆದ ಅಧ್ಯಯನದಲ್ಲಿ, ಅಭಿಧಮನಿಗಳು ಹೆಚ್ಚು ಅಗಲ ಇದ್ದವರಲ್ಲಿ ಮುಂದೆ ಪಾರ್ಶ್ವವಾಯು ಬರುವ ಸಂಭವ ಹೆಚ್ಚು ಎಂದು 2006ರಲ್ಲಿ ತಿಳಿಯಿತು. ಅದನ್ನು ಓದಿದಾಗ ನನ್ನ ಗೆಳೆಯನ ನೆನಪು ಬಂತು. ಸ್ವಲ್ಪ ಹೊತ್ತು ಮುಂದೆ ಓದಲಿಲ್ಲ.

ಅಜ್ಜ ಅಜ್ಜಿಯರೇ, ಇದನ್ನು ಓದಿ ಹೆದರಬೇಡಿ. ಇವೆಲ್ಲ ಸಾವಿರಾರು ಜನರ ಸರಾಸರಿ ಲೆಕ್ಕ. ಒಬ್ಬರ ಕಣ್ಣು ಅಳೆದು ‘ನಿಮಗೆ ಲಕ್ವ ಬರುತ್ತದೆ, ನಿಮಗೆ ಬರುವುದಿಲ್ಲ’ ಎಂದು ಯಾವ ಯಂತ್ರವೂ ಭವಿಷ್ಯ ಹೇಳಲಾರದು. ಯಂತ್ರವೂ ಎಡವುತ್ತದೆ. ನಾಳದ ನಡುವೆ ಬೆಳಕಿನ ಹೊಳಪು ಬಿದ್ದರೆ ಒಂದು ನಾಳವನ್ನು ಎರಡೆಂದು ಎಣಿಸಬಹುದು. ಕಣ್ಣಿನಲ್ಲಿ ಪೊರೆ ಇದ್ದರೆ ಚಿತ್ರವೇ ಮಸುಕು. ಎದೆ ಬಡಿತದ ಜೊತೆ ನಾಳದ ಅಗಲವೂ ಕೊಂಚ ಹೆಚ್ಚು ಕಡಿಮೆ ಆಗುತ್ತಿರುತ್ತದೆ. ಆದ್ದರಿಂದ ತಿಳಿದವರು ಕೂತು ತಾಳೆ ನೋಡಲೇಬೇಕು.

ಹಾಗಾದರೆ ಯಂತ್ರದ ಗುಣ ಏನು? ಅದಕ್ಕೆ ಬೇಸರವಿಲ್ಲ, ಮಾರ್ಚ್ ತಿಂಗಳ ಗಡಿಬಿಡಿಯಿಲ್ಲ. ಹೋದ ವರ್ಷದ ಚಿತ್ರವನ್ನೂ ಈ ವರ್ಷದ್ದನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯುತ್ತದೆ. ಪಾಸ್‌ಬುಕ್ಕಿನಲ್ಲಿ ಒಂದೇ ಒಂದು ನಮೂದು ಇದ್ದರೆ ಏನು ಗೊತ್ತಾಗುತ್ತದೆ? ಇವತ್ತು ಇಷ್ಟಿದೆ ಎಂದು, ಅಷ್ಟೆ. ಸಾಲಾಗಿ ಹತ್ತು ನಮೂದು ಇದ್ದರೆ ಖಾತೆ ಬೆಳೆಯುತ್ತಿದೆಯೋ ಕರಗುತ್ತಿದೆಯೋ ತಿಳಿಯುತ್ತದೆ. ಕಣ್ಣಿನ ಚಿತ್ರವೂ ಹಾಗೆಯೇ.

ಅವತ್ತು ಡಾಕ್ಟರು ನನ್ನ ಚಿತ್ರ ನೋಡಿ, “ಪರವಾಗಿಲ್ಲ, ಬಿ.ಪಿ. ಮಾತ್ರೆ ಬಿಡಬೇಡಿ” ಅಂದರು. ಅದರ ಒಂದು ಪ್ರತಿ ಕೊಡಿ ಎಂದು ಕೇಳಿದೆ. ಪುಟ್ಟಿ ಅದರ ಹಿಂದೆ ತಾರೀಖು ಬರೆದು, ನನ್ನ ಹಳೆಯ ಬ್ಯಾಂಕಿನ ಫೈಲಿನಲ್ಲಿ ಇಟ್ಟಿದ್ದಾಳೆ. ಮುಂದಿನ ವರ್ಷ ಅದರ ಪಕ್ಕಕ್ಕೆ ಇನ್ನೊಂದು ಸೇರುತ್ತದೆ.

ಒಂದು ಮಾತು ಮಾತ್ರ ಮರೆಯುವಂತಿಲ್ಲ. ನನ್ನ ಗೆಳೆಯನ ಚೀಟಿಯಲ್ಲಿ 88 ಎಂದೋ 110 ಎಂದೋ ಅಂಕಿ ಇದ್ದಿದ್ದರೆ ನಾನು ‘ಬಿಡು’ ಅನ್ನುತ್ತಿರಲಿಲ್ಲವೇ? ಅನ್ನುತ್ತಿದ್ದೆನೇನೋ. ಬಿ.ಪಿ. ನೋಡಿಸಿ ಎಂಬ ಮಾತು ಆ ಚೀಟಿಯಲ್ಲಿ ಸ್ಪಷ್ಟವಾಗಿಯೇ ಇತ್ತು. ಜೇಬಿನಲ್ಲಿ ಉಳಿದ ಚೀಟಿಗೆ ಯಾವ ಅಳತೆಯೂ ಸಹಾಯ ಮಾಡದು.

ಹಾಗಾಗಿ ಮಕ್ಕಳೇ, ಈ ವಾರ ನಿಮಗೆ ಮೂರು ಕೆಲಸ. ಒಂದು: ಅರಳಿ ಎಲೆಯ ಪಕ್ಕ ಸ್ಕೇಲು ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ, ನಡುನರದ ಅಗಲ ಎಷ್ಟು ಎಂದು ಲೆಕ್ಕ ಹಾಕಿ. ಎರಡು: 120 ಮತ್ತು 90 ಮೈಕ್ರಾನ್ ಅಗಲದ ಎರಡು ಅಭಿಧಮನಿಗಳನ್ನು ಮೇಲಿನ ಸೂತ್ರದಿಂದ ಸೇರಿಸಿದರೆ ಎಷ್ಟು? ಉತ್ತರ ಮುಂದಿನ ವಾರ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಮನೆಯ ಅಜ್ಜ ಅಜ್ಜಿಯರ ಜೇಬು, ಕೈಚೀಲ, ಕನ್ನಡಕದ ಡಬ್ಬಿ ಹುಡುಕಿ. ಡಾಕ್ಟರು ಕೊಟ್ಟು, ಇವರು ಮಡಚಿಟ್ಟ ಚೀಟಿ ಏನಾದರೂ ಸಿಕ್ಕರೆ, ‘ಇದು ಯಾವಾಗಿನದು?’ ಎಂದು ಕೇಳಿ. ಅವರು ಬೈದರೆ ನನ್ನ ಹೆಸರು ಹೇಳಿ.

ಮುಂದಿನ ವಾರ ಸಿಗೋಣ.